ಮೊಳೆ ತೂತಿನ ಬಟ್ಟಲು

ಊರಿನ ಮನೆ ಕೆಡವಿದಾಗ ಬಾಗಿಲ ಚೌಕಟ್ಟಿನ ಹಲಸಿನ ಮರವನ್ನ ಅಣ್ಣ ಮಾರಿಬಿಟ್ಟ. ನನಗೆ ಸಿಕ್ಕಿದ್ದು ಮೊಳದುದ್ದದ ಎರಡೇ ತುಂಡು. ಅಷ್ಟರಲ್ಲಿ ಇಡೀ ಬಟ್ಟಲು ಕಡೆಯೋಕಾಗಲ್ಲ. ಸರಿ, ಚೂರು ಮಾಡಿ ಅಂಟಿಸಿ ಲೇತಿಗೆ ಹಾಕೋಣ ಅಂತ ಹೊರಟೆ.

ಒಂದು ಬಳೆಗೆ 12 ಚೂರು, ಪ್ರತಿ ಚೂರಿನ ಎರಡೂ ತುದಿ 15 ಡಿಗ್ರಿ ಓರೆ. ನನ್ನ ಗರಗಸ ಅರ್ಧ ಡಿಗ್ರಿ ತಪ್ಪಿತ್ತು. ಅರ್ಧ ತಾನೇ ಅಂದ್ಕೊಂಡೆ. 24 ತುದಿ ಸೇರಿದಾಗ 12 ಡಿಗ್ರಿ! ಕೊನೇ ಚೂರಿನ ಪಕ್ಕ ಬೆರಳು ತೂರುವಷ್ಟು ಸಂದು.

ಆಮೇಲೆ ಕಲಿತ ಉಪಾಯ ಇದು: ಆರಾರು ಚೂರಿನ ಎರಡು ಅರ್ಧಬಳೆ ಅಂಟಿಸಿ, ಒಣಗಿದ ಮೇಲೆ ಅವುಗಳ ತುದಿಗಳನ್ನ ಹಲಗೆಗೆ ಹಚ್ಚಿದ ಸ್ಯಾಂಡ್‌ಪೇಪರ್ ಮೇಲೆ ಸಪಾಟಾಗೋ ತನಕ ಉಜ್ಜಿ, ಆಮೇಲೆ ಜೋಡಿಸೋದು. ತಪ್ಪೆಲ್ಲ ಅಲ್ಲೇ ಸವೆದುಹೋಗುತ್ತೆ. (ತಳಕ್ಕೆ ಮಾತ್ರ ಅಗಲ ಹಲಗೆ ಅಂಟಿಸಬೇಡಿ. ಮಳೆಗಾಲದಲ್ಲಿ ಅದು ಅಡ್ಡಕ್ಕೆ ಹಿಗ್ಗಿ ಬಳೆಯನ್ನ ಸೀಳಬಹುದು.)

ಅಮ್ಮ ಬಟ್ಟಲನ್ನ ತಿರುಗಿಸಿ ಒಂದು ತೂತಿನ ಮೇಲೆ ಬೆರಳಿಟ್ಟಳು. "ಇದು ನಿಮ್ಮಪ್ಪ ತೋರಣ ಕಟ್ಟೋಕೆ ಹೊಡೆದ ಮೊಳೆದು ಕಣೋ."

ಫೋಟೋ ನೋಡಿದ ಅಣ್ಣ, "ನಂಗೂ ಒಂದು ಮಾಡ್ಕೊಡೋ" ಅಂದ. ಉಳಿದ ಚೂರು ಎಣಿಸಿದೆ. ಒಂಬತ್ತಿದೆ.