ಕಾಣದ ಪ್ರಾಣಿಯ ಚಿತ್ರಕಾರ

ಡೈನೋಸಾರ್‌ಗಳನ್ನೂ, ರೆಕ್ಕೆ ಮೂಡಿದ ಕುದುರೆಗಳನ್ನೂ, ಯಾವ ಭೂಪಟದಲ್ಲಿಯೂ ಇಲ್ಲದ ನಗರಗಳನ್ನೂ ಚಿತ್ರಿಸುತ್ತ ತನ್ನ ಆಯುಷ್ಯವನ್ನು ಸಂತೋಷದಿಂದ ಕಳೆಯುವ ಕಲಾವಿದನ ವಿಷಯದಲ್ಲಿ ನಮ್ಮ ವಿದ್ಯಾವಂತರು ತಾಳಿರುವ ಭಾವನೆಯು ಬಹುಮಟ್ಟಿಗೆ ಅನುಕಂಪದ್ದು. ಬಾಲ್ಯದಲ್ಲಿ ಎಲ್ಲರಿಗೂ ಬಂದು ಹೋಗುವ ಗೀಳೊಂದು ಈತನನ್ನು ಮಾತ್ರ ಬಿಡದೆ ಉಳಿಯಿತೆಂದೂ, ಕಣ್ಣೆದುರಿನ ಲೋಕವು ಒಗ್ಗದುದರಿಂದ ಇಲ್ಲದ ಲೋಕವೊಂದನ್ನು ಈತನು ಆಶ್ರಯಿಸಿದನೆಂದೂ ಅನೇಕರು ಎಣಿಸುವರು. ಈ ಎಣಿಕೆಯು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲದುದನ್ನು ನೋಡುವವರು ನಂಬುವಂತೆ ಬರೆಯಬೇಕಾದವನಿಗೆ ಇರುವುದರ ಮೇಲಣ ಪ್ರೀತಿಯು ಉಳಿದ ಚಿತ್ರಕಾರರಿಗಿಂತ ಅಧಿಕವಾಗಿಯೇ ಇರಬೇಕು.

ಈ ಕಲೆಯ ಹಿರಿಯನಾದ ಚಾರ್ಲ್ಸ್ ನೈಟ್‌ನ ಜೀವನವನ್ನು ನೋಡಬಹುದು. 1874ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈತನ ದೃಷ್ಟಿಯು ಮೊದಲೇ ಮಂದವಾಗಿದ್ದಿತು. ಅದು ಸಾಲದೆಂಬಂತೆ ಬಾಲ್ಯದಲ್ಲಿ ತಗುಲಿದ ಕಲ್ಲೊಂದು ಬಲಗಣ್ಣನ್ನು ಕೆಡಿಸಿತು. ಕಾಗದಕ್ಕೆ ಮುಖವನ್ನು ಹತ್ತಿರ ತಂದಲ್ಲದೆ ಗೆರೆಯೆಳೆಯಲಾರದ ಈ ಮನುಷ್ಯನು ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳಿಗೆ ಚಿತ್ರ ಬರೆದು ಜೀವನ ಸಾಗಿಸುತ್ತಿದ್ದನು. ಬಿಡುವಾದಾಗಲೆಲ್ಲ ಸೆಂಟ್ರಲ್ ಪಾರ್ಕಿನ ಮೃಗಾಲಯಕ್ಕೆ ಹೋಗಿ ಸಿಂಹದ ಭುಜವು ನಡೆಯುವಾಗ ಹೇಗೆ ಏಳುವುದು, ಆನೆಯ ಚರ್ಮವು ಮೊಣಕಾಲಿನ ಬಳಿ ಹೇಗೆ ಮಡಿಚಿಕೊಳ್ಳುವುದು ಎಂಬುದನ್ನು ನೋಡಿ ನೋಡಿ ಬರೆದುಕೊಳ್ಳುತ್ತಿದ್ದನು. ಸತ್ತ ಪ್ರಾಣಿಗಳ ಮಾಂಸಖಂಡಗಳನ್ನೂ ಬಿಡದೆ ಅಭ್ಯಾಸಮಾಡಿದನು. 1894ರಲ್ಲಿ ಅಮೆರಿಕದ ಪ್ರಕೃತಿವಿಜ್ಞಾನ ಸಂಗ್ರಹಾಲಯದ ವಿದ್ವಾಂಸರೊಬ್ಬರು, ಎಂದೋ ನಿರ್ವಂಶವಾದ ಹಂದಿಯಂಥ ಮೃಗವೊಂದರ ಎಲುಬುಗಳನ್ನು ತೋರಿಸಿ, ಇದು ಬದುಕಿದ್ದಾಗ ಹೇಗಿದ್ದೀತೆಂದು ಬರೆದುಕೊಡಬಲ್ಲೆಯಾ ಎಂದು ಕೇಳಿದಾಗ, ಅದಕ್ಕೆ ಬೇಕಾದ ಸಿದ್ಧತೆಯೆಲ್ಲವೂ ಜೀವಂತ ಮೃಗಗಳ ಸಹವಾಸದಲ್ಲಿ ಆಗಲೇ ಮುಗಿದಿದ್ದಿತು. ಎಲುಬಿನ ಮೇಲೆ ಮಾಂಸವನ್ನೂ, ಮಾಂಸದ ಮೇಲೆ ಚರ್ಮವನ್ನೂ ಮನಸ್ಸಿನಲ್ಲಿ ಹೊದಿಸಿ, ಮಣ್ಣಿನಲ್ಲಿ ಚಿಕ್ಕ ಪ್ರತಿಮೆಯನ್ನು ಮಾಡಿ, ಅದನ್ನು ಬಿಸಿಲಿನಲ್ಲಿಟ್ಟು ನೆರಳು ಎಲ್ಲಿ ಬೀಳುವುದೆಂಬುದನ್ನು ನೋಡಿ, ಆಮೇಲೆ ಬಣ್ಣಕ್ಕೆ ಕೈಹಾಕುವುದು ಆತನ ಕ್ರಮವಾಯಿತು.

1897ರಲ್ಲಿ ಆತನು ಬರೆದ ಚಿತ್ರವೊಂದರಲ್ಲಿ ಎರಡು ಡೈನೋಸಾರ್‌ಗಳು ಕಾದಾಡುತ್ತಿವೆ. ಒಂದು ನೆಲದ ಮೇಲೆ ಅಂಗಾತ ಬಿದ್ದಿದೆ, ಇನ್ನೊಂದು ಅದರ ಮೇಲೆರಗಲು ನೆಲಬಿಟ್ಟು ಗಾಳಿಯಲ್ಲಿ ನೆಗೆದಿದೆ. ಮರಣವು ಸಮೀಪಿಸಿದ್ದ ಪ್ರಾಗ್ಜೀವಿವಿಜ್ಞಾನಿ ಎಡ್ವರ್ಡ್ ಕೋಪ್‌ನೊಡನೆ ಕುಳಿತು ಮಾತನಾಡಿ ಪಡೆದುಕೊಂಡ ತಿಳಿವಳಿಕೆಯು ಅದರಲ್ಲಿದೆ. ಮುಂದೆ ಹಲವು ದಶಕಗಳ ಕಾಲ ವಿಜ್ಞಾನಿಗಳಲ್ಲಿ ಬಹುಮಂದಿ ಈ ಪ್ರಾಣಿಗಳನ್ನು ಜಡವಾದ, ಬಾಲವನ್ನು ನೆಲದ ಮೇಲೆಳೆಯುತ್ತ ತೆವಳುವ ದೇಹಗಳೆಂದೇ ತಿಳಿದಿದ್ದರು. ಅವು ಚುರುಕಾಗಿ ಓಡಿ ನೆಗೆಯುತ್ತಿದ್ದವೆಂಬ ಅಭಿಪ್ರಾಯವು ಬಲಗೊಂಡುದು 1969ರಲ್ಲಿ ಜಾನ್ ಆಸ್ಟ್ರಮ್ ಡೈನೊನಿಕಸ್ ಎಂಬ ಬೇಟೆಗಾರ ಡೈನೋಸಾರನ್ನು ವರ್ಣಿಸಿದ ಮೇಲೆ. ಕುಂಚವು ಹಿಡಿದ ಸತ್ಯವನ್ನು ಶಾಸ್ತ್ರವು ಒಪ್ಪಲು ಎಪ್ಪತ್ತು ವರ್ಷ ಬೇಕಾಯಿತು.

ಕುಂಚವು ಎಡವಿದ್ದೂ ಉಂಟು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನಕ್ಕಾಗಿ ವಾಟರ್‌ಹೌಸ್ ಹಾಕಿನ್ಸ್ ನಿರ್ಮಿಸಿದ, ಇಗ್ವಾನೊಡಾನ್ ಎಂಬ ಡೈನೋಸಾರಿನ ಪ್ರತಿಮೆಗಳ ಮೂಗಿನ ಮೇಲಣ ಕೊಂಬು, 1878ರಲ್ಲಿ ಬೆಲ್ಜಿಯಮ್ಮಿನ ಗಣಿಯೊಂದರಲ್ಲಿ ಅಸ್ಥಿಪಂಜರಗಳು ದೊರೆತ ಬಳಿಕ, ಹೆಬ್ಬೆರಳಿನ ಮುಳ್ಳೆಂದು ತಿಳಿದುಬಂದಿತು. 1996ರಲ್ಲಿ ಚೀನಾದಿಂದ ಸೈನೋಸಾರಾಪ್ಟೆರಿಕ್ಸ್ ಎಂಬ ತುಪ್ಪುಳದ ಡೈನೋಸಾರಿನ ವಾರ್ತೆ ಬಂದಿತು. 2010ರಲ್ಲಿ ಆ ತುಪ್ಪುಳದೊಳಗೆ ಉಳಿದಿದ್ದ ಸೂಕ್ಷ್ಮ ವರ್ಣಕಣಗಳನ್ನು ಪರಿಶೀಲಿಸಿದವರು ಅದರ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದುವೆಂದು ತೋರಿಸಿದರು. ಇಂಥ ಒಂದೊಂದು ವಾರ್ತೆಗೂ ಚಿತ್ರಕಾರನು ತನ್ನ ಹಳೆಯ ಚಿತ್ರಗಳನ್ನು ಬದಿಗಿಟ್ಟು ಮತ್ತೆ ಕುಳಿತುಕೊಳ್ಳಬೇಕು. ಕೋಳಿಯ ಕಾಲನ್ನೂ ರಣಹದ್ದಿನ ಕತ್ತನ್ನೂ ಹೊಸದಾಗಿ ನೋಡಬೇಕು. ಪ್ರೀತಿಯಿಲ್ಲದವನು ಇದನ್ನು ಮಾಡಲಾರನು.

ಕೇವಲ ಕಲ್ಪನಾಲೋಕಕ್ಕೆ ಸೇರಿದ ಚಿತ್ರಗಳಿಗೂ ಈ ಮಾತು ಸಲ್ಲುವುದೆಂಬುದಕ್ಕೆ ಜೇಮ್ಸ್ ಗರ್ನಿಯವರು ನಿದರ್ಶನ. 1958ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜನಿಸಿದ ಇವರು ಬರ್ಕಲಿಯಲ್ಲಿ ಅಭ್ಯಾಸಮಾಡಿದುದು ಮಾನವಶಾಸ್ತ್ರವನ್ನು. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಗಾಗಿ ಪುರಾತತ್ತ್ವಜ್ಞರೊಡನೆ ಕೂಡಿ ಅಳಿದ ನಾಗರಿಕತೆಗಳನ್ನು ಚಿತ್ರಿಸುತ್ತಿದ್ದಾಗ, ಯಾರೂ ಅಗೆದು ತೆಗೆಯದ ನಗರವೊಂದನ್ನು ತಾನೇ ಏಕೆ ಕಂಡುಹಿಡಿಯಬಾರದೆಂಬ ಆಸೆಯು ಅವರಲ್ಲಿ ಮೂಡಿತು. ಜಲಪಾತಗಳ ನಡುವೆ ನಿಂತ ನಗರ, ಹೂಮಾಲೆ ಧರಿಸಿದ ಡೈನೋಸಾರ್‌ಗಳು ಮನುಷ್ಯರೊಡನೆ ಸಾಗುವ ಮೆರವಣಿಗೆ, ಹೀಗೆ ಒಂದೊಂದಾಗಿ ಬಂದ ಚಿತ್ರಗಳು ಕೂಡಿ 1992ರಲ್ಲಿ ‘ಡೈನೋಟೋಪಿಯ’ ಎಂಬ ಗ್ರಂಥವಾದುವು. ಆ ದ್ವೀಪವು ಎಲ್ಲಿಯೂ ಇಲ್ಲ. ಆದರೆ ಅದರ ಮೇಲೆ ಬೀಳುವ ಬಿಸಿಲು ನಿಜವಾದ ಬಿಸಿಲು. ಗರ್ನಿಯವರು ಮಣ್ಣಿನ ಪ್ರತಿಮೆಗಳನ್ನೂ ಕಟ್ಟಡಗಳ ಚಿಕ್ಕ ಮಾದರಿಗಳನ್ನೂ ಮಾಡಿ, ಬೆಳಕಿನಲ್ಲಿಟ್ಟು ನೋಡಿ ಬರೆಯುವರು. ಬಯಲಿನಲ್ಲಿ ಕುಳಿತು ಕಂಡ ದೃಶ್ಯವನ್ನು ಬರೆಯುವ ಅಭ್ಯಾಸವನ್ನು ಬಿಡದೆ ನಡೆಸಿಕೊಂಡು ಬಂದಿರುವರು. ಇಲ್ಲದುದನ್ನು ಚಿತ್ರಿಸುವ ಬಗೆಯನ್ನು ಕುರಿತು 2009ರಲ್ಲಿ ಒಂದು ಪಾಠಗ್ರಂಥವನ್ನೇ ರಚಿಸಿದರು. ಪೋರ್ಚುಗಲ್ಲಿನಲ್ಲಿ ದೊರೆತ ಸುಮಾರು 10 ಮೀಟರ್ ಉದ್ದದ ಮಾಂಸಾಹಾರಿ ಡೈನೋಸಾರಿಗೆ ಶಾಸ್ತ್ರಜ್ಞರು 2014ರಲ್ಲಿ ‘ಟಾರ್ವೊಸಾರಸ್ ಗರ್ನಿಯೈ’ ಎಂದು ಅವರದೇ ಹೆಸರನ್ನಿತ್ತರು. ಕಥಾಲೋಕದ ಚಿತ್ರಕಾರನಿಗೆ ಕಠಿಣಶಾಸ್ತ್ರವು ಸಲ್ಲಿಸಿದ ಈ ಗೌರವವು ನನಗೆ ಬಹಳ ಅರ್ಥವತ್ತಾಗಿ ತೋರುವುದು. ಹಳೇಬೀಡಿನ ಭಿತ್ತಿಯಲ್ಲಿ ಮಕರಗಳ ಸಾಲನ್ನು ಕಡೆದ ಶಿಲ್ಪಿಯೂ ಆನೆಯ ಸೊಂಡಿಲನ್ನೂ ನವಿಲಿನ ಬಾಲವನ್ನೂ ಚೆನ್ನಾಗಿ ಬಲ್ಲವನೇ ಆಗಿದ್ದನಷ್ಟೆ.

ನಮ್ಮ ದೇಶದ ಮಾತಿಗೆ ಬಂದರೆ ಮನಸ್ಸಿಗೆ ಖೇದವಾಗುವುದು. ಕರ್ನಾಟಕದ ಬಹುಭಾಗದ ಶಿಲೆಗಳು ಡೈನೋಸಾರ್‌ಗಳ ಕಾಲಕ್ಕಿಂತ ಎಷ್ಟೋ ಪ್ರಾಚೀನವಾದುವು, ಆದುದರಿಂದ ಇಲ್ಲಿ ಅವುಗಳನ್ನು ಅರಸಿ ಫಲವಿಲ್ಲ. ಆದರೆ ನರ್ಮದೆಯ ಕಡೆಗೆ ಹೋದರೆ ಸಂಪತ್ತೇ ಇದೆ. ಡೈನೋಸಾರ್ ಎಂಬ ಹೆಸರು ಹುಟ್ಟಿದುದು 1842ರಲ್ಲಿ. ಅದಕ್ಕಿಂತ 14 ವರ್ಷ ಮೊದಲೇ ಜಬ್ಬಲ್‌ಪುರದಲ್ಲಿ ಅವುಗಳ ಎಲುಬುಗಳು ಸಿಕ್ಕಿದ್ದುವು. ಹಣೆಯ ಮೇಲೆ ಮೊಂಡುಕೊಂಬನ್ನು ಹೊತ್ತ ರಾಜಾಸಾರಸ್ ಗುಜರಾತಿನ ನೆಲದಿಂದೆದ್ದು 2003ರಲ್ಲಿ ನಾಮಕರಣವನ್ನು ಪಡೆಯಿತು. ಹೀಗಿದ್ದರೂ ನಮ್ಮ ಮಕ್ಕಳು ನಿದ್ದೆಗಣ್ಣಿನಲ್ಲಿಯೂ ಬರೆಯಬಲ್ಲುದು ಅಮೆರಿಕದ ಟೈರನೊಸಾರಸ್ಸನ್ನು. ಮಕ್ಕಳದು ತಪ್ಪಲ್ಲ, ಆ ಪ್ರಾಣಿಯನ್ನು ನೈಟ್‌ನಂಥವರು ಪ್ರೀತಿಯಿಂದ ಬರೆದರು, ನಮ್ಮದನ್ನು ಹಾಗೆ ಬರೆಯಿರೆಂದು ನಾವು ಯಾರನ್ನೂ ಕೇಳಲಿಲ್ಲ.

ಗುಜರಾತಿನ ಧೋಳಿ ಡುಂಗರಿಯಲ್ಲಿ ದೊರೆತು 2010ರಲ್ಲಿ ವರ್ಣಿತವಾದ ಶಿಲೆಯೊಂದರಲ್ಲಿ, ಒಡೆದ ಮೊಟ್ಟೆಯ ಸುತ್ತ ಮೂರೂವರೆ ಮೀಟರ್ ಉದ್ದದ ಹಾವೊಂದು ಸುರುಳಿಗೊಂಡಿದೆ, ಪಕ್ಕದಲ್ಲಿ ಆಗತಾನೆ ಮೊಟ್ಟೆಯಿಂದ ಹೊರಬಂದ ಅರ್ಧ ಮೀಟರಿನ ಡೈನೋಸಾರ್ ಶಿಶುವಿದೆ. ಮೂರನ್ನೂ ಕುಸಿದ ಮಣ್ಣು ಹಾಗೆಯೇ ಮುಚ್ಚಿಬಿಟ್ಟಿತು. ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಾಯಿತು. ಆ ದೃಶ್ಯಕ್ಕೆ ಅಂದು ರೂಪಕೊಟ್ಟವನು ಅಮೆರಿಕದ ಶಿಲ್ಪಿಯೊಬ್ಬನು, ಚೆನ್ನಾಗಿಯೇ ಕೊಟ್ಟಿರುವನು. ಆದರೆ ನಮ್ಮ ಹೊಲಗದ್ದೆಗಳ ಅಂಚಿನಲ್ಲಿ ಕೇರೆಹಾವು ಸುತ್ತಿಕೊಳ್ಳುವುದನ್ನೂ, ಮೊದಲ ಮಳೆಗೆ ನೆಲವು ಬಣ್ಣ ಬದಲಿಸುವುದನ್ನೂ ಕಂಡು ಬೆಳೆದ ಕಲಾವಿದರು ನಮ್ಮ ಕಲಾಶಾಲೆಗಳಲ್ಲಿ ಇದ್ದೇ ಇರುವರು. ಅಂಥವರೊಬ್ಬರನ್ನು ಕನ್ನಡದ ಪ್ರಕಾಶಕರಾಗಲಿ ವಸ್ತುಸಂಗ್ರಹಾಲಯವಾಗಲಿ ಕರೆದು, ಭೂವಿಜ್ಞಾನಿಯೊಡನೆ ಅಲ್ಲಿಗೆ ಕಳುಹಿಸಿ, ನೋಡಲೂ ಮಣ್ಣಿನ ಮಾದರಿ ಮಾಡಲೂ ಬೇಕಾದಷ್ಟು ಕಾಲವನ್ನೂ ವೇತನವನ್ನೂ ಕೊಟ್ಟು, ಮಕ್ಕಳಿಗಾಗಿ ದೊಡ್ಡ ಆಕಾರದ ಚಿತ್ರಗ್ರಂಥವೊಂದನ್ನು ಬರೆಯಿಸಬೇಕು. ಅದರ ಮುಖಪುಟದಲ್ಲಿ ಚಿತ್ರಕಾರರ ಹೆಸರು ಲೇಖಕರ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಅಚ್ಚಾಗಬೇಕು.