ಮುಖ ನೋಡಿ ಹೊಡೆದವರಿಗೆ ಯಾವ ಕಲಂ?

ಮಾನ್ಯ ಕೇಂದ್ರ ಗೃಹ ಸಚಿವರೇ,

2014ರ ಜನವರಿಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯ ಲಾಜಪತ್ ನಗರದ ಅಂಗಡಿಯೊಂದರಲ್ಲಿ ವಿಳಾಸ ಕೇಳಲು ನಿಂತ. ಅವನ ಕೂದಲನ್ನು, ಚಹರೆಯನ್ನು ಹೀಯಾಳಿಸಿದರು. ಅವನು ಸಿಟ್ಟಾದ, ಅವರು ಬಡಿದರು. ಮರುದಿನ ಅವನು ಬದುಕಿರಲಿಲ್ಲ. ಆಗ ನಿಮ್ಮ ಸಚಿವಾಲಯವೇ ಎಂ.ಪಿ. ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಅದೇ ಜುಲೈನಲ್ಲಿ ವರದಿಯೂ ಕೈಸೇರಿತು. ದಂಡ ಸಂಹಿತೆಗೆ 153ಸಿ, 509ಎ ಎಂಬ ಕಲಂಗಳನ್ನು ಸೇರಿಸಿ ಜನಾಂಗೀಯ ನಿಂದನೆ, ಹಲ್ಲೆಗಳನ್ನು ಶಿಕ್ಷಿಸಬೇಕೆಂದು ಸಮಿತಿ ಹೇಳಿತ್ತು.

ಅವು ಕಾನೂನಾಗಲೇ ಇಲ್ಲ. 2023ರಲ್ಲಿ ಇಡೀ ಸಂಹಿತೆಯನ್ನೇ ಹೊಸದಾಗಿ ಬರೆಸಿದಾಗಲೂ ಆಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 103(2)ರಲ್ಲಿ ಜನಾಂಗದ ಪ್ರಸ್ತಾಪವಿದೆ, ನಿಜ. ಆದರೆ ಐದು ಅಥವಾ ಹೆಚ್ಚು ಮಂದಿ ಸೇರಿ ಕೊಂದಿರಬೇಕು. ಗಂಭೀರ ಗಾಯಕ್ಕೂ ಐದೇ ಮಂದಿಯ ಲೆಕ್ಕ. ಮೂವರೇ ಹೊಡೆದರೆ? ಮುಖ ನೋಡಿದ ಕೂಡಲೇ ಮನೆ ಖಾಲಿಯಿಲ್ಲ ಎಂದರೆ? ಠಾಣೆಯಲ್ಲಿ ಅದು ಮಾಮೂಲಿ ಜಗಳವಾಗಿ ದಾಖಲಾಗುತ್ತದೆ, ಹೊಡೆತಕ್ಕೆ ಕಾರಣವಾದ ದ್ವೇಷ ಎಫ್‌ಐಆರ್‌ನಿಂದ ಜಾರಿಹೋಗುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಪಟ್ಟಿಯಲ್ಲಿರುವವರಿಗೆ ಆಸರೆಯಾದೀತು. ಪರಿಶಿಷ್ಟ ಪಂಗಡಕ್ಕೆ ಸೇರದ ಮಣಿಪುರದ ಮೈತೇಯಿ ಹುಡುಗಿಗೆ, ಓದಲು ಬಂದ ಆಫ್ರಿಕದ ವಿದ್ಯಾರ್ಥಿಗೆ ಯಾವ ಆಸರೆ?

ಬೆಂಗಳೂರಿನವನಾಗಿ ದೆಹಲಿಯತ್ತ ಮಾತ್ರ ಬೆರಳು ತೋರಿಸಲಾರೆ. 2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ನಮ್ಮ ಊರಿನಿಂದ ಗುವಾಹಟಿಯ ರೈಲು ಹತ್ತಿದರು. ನಾವಿದ್ದೇವೆ ಎಂಬ ನಮ್ಮ ಮಾತನ್ನು ನಂಬಲು ಅವರಿಗೆ ಕಾರಣವೇ ಇರಲಿಲ್ಲ. 2016ರಲ್ಲಿ ಹೆಸರಘಟ್ಟದ ಬಳಿ ಸುಡಾನ್‌ನ ಯುವಕನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಆ ಯುವಕನಿಗೂ ಇವಳಿಗೂ ಮೈಬಣ್ಣವೊಂದು ಬಿಟ್ಟರೆ ಬೇರೆ ನಂಟಿರಲಿಲ್ಲ. ಕೊರೊನಾ ಶುರುವಾದಾಗ ಮೈಸೂರಿನ ಸೂಪರ್‌ಮಾರ್ಕೆಟ್ ಒಂದು ನಾಗಾಲ್ಯಾಂಡ್‌ನ ಯುವಕರನ್ನು ಒಳಗೇ ಬಿಡಲಿಲ್ಲ. ಇನ್ನು ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿ ಬಂದ ಆಫ್ರಿಕ ಮೂಲದ ಸಿದ್ದಿಗಳಿಗೆ ಅವರದೇ ನಾಡಿನಲ್ಲಿ ‘ನೀವು ಯಾವ ದೇಶದವರು’ ಎಂಬ ಪ್ರಶ್ನೆ ತಪ್ಪಿಲ್ಲ.

ಕಾನೂನಿನಿಂದ ಮನಸ್ಸು ಬದಲಾಗದು ಎಂದು ನಿಮಗೆ ಸಲಹೆ ಕೊಡುವವರಿದ್ದಾರು. 1989ರ ದೌರ್ಜನ್ಯ ತಡೆ ಕಾಯ್ದೆಯಿಂದ ಜಾತಿ ಅಳಿಯಲಿಲ್ಲ, ಒಪ್ಪುತ್ತೇನೆ. ಆದರೆ ಬೈಸಿಕೊಂಡವನು ಠಾಣೆಯ ಮೆಟ್ಟಿಲೇರಿ, ಇದು ಅಪರಾಧ, ಬರೆದುಕೊಳ್ಳಿ ಎನ್ನುವ ಹಕ್ಕು ಅದರಿಂದ ಬಂತು. ಅಷ್ಟನ್ನೇ ಇವರಿಗೂ ಕೇಳುತ್ತಿದ್ದೇನೆ.

ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ 1946ರಲ್ಲೇ ವಿಶ್ವಸಂಸ್ಥೆಯ ಕದ ತಟ್ಟಿದ ದೇಶ ನಮ್ಮದು. ಜನಾಂಗೀಯ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಪ್ಪಂದವನ್ನು 1968ರಲ್ಲಿ ಅನುಮೋದಿಸಿದ್ದೇವೆ. ಜನಾಂಗೀಯ ಹಿಂಸೆಯನ್ನು ಅಪರಾಧವೆಂದು ಸಾರಬೇಕು ಎನ್ನುವುದು ಅದರ ನಾಲ್ಕನೇ ವಿಧಿ.

ಐದು ಮಂದಿಯ ಷರತ್ತನ್ನು ತೆಗೆಯಿರಿ. ಬೆಜ್‌ಬರುವಾ ಸಮಿತಿಯ ಕಲಂಗಳನ್ನು ಮಸೂದೆಯಾಗಿ ಬರುವ ಅಧಿವೇಶನದಲ್ಲೇ ಮಂಡಿಸಿ. ಆಗದು ಎಂದಾದರೆ ಏಕೆ ಆಗದು ಎಂಬುದನ್ನು ಸದನದಲ್ಲಿ ನಿಂತು ಹೇಳಿ.

ಇತಿ,
ಬೆಂಗಳೂರಿನ ಒಬ್ಬ ಪ್ರಜೆ