ಪವಾಯಿಯ ಕೆರೆಯೂ ನಮ್ಮ ಬರಿಗೊಡವೂ

ಪವಾಯಿ ಕೆರೆಗೆ ಸೊಬಗು ತರುತ್ತೇವೆಂದು ಹೊರಟವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ದೀಪ, ಕಾರಂಜಿ, ದೋಣಿ, ಸೈಕಲ್ಲಿನ ದಾರಿ, ಇವೇ ಅವರ ಮಾತು. "ಹೇಗೂ ಅದರ ನೀರು ಕುಡಿಯಲು ಬಾರದು, ಜನರ ವಿನೋದಕ್ಕಾದರೂ ಒದಗಲಿ" ಎಂಬುದು ಅವರ ವಾದ. ಕೇಳುವುದಕ್ಕೆ ಸೊಗಸಾದ ವಾದ. ಆದರೆ ಶ್ರಮಜೀವಿಗಳಾದ ನಾವು ಇದನ್ನು ಒಪ್ಪುವಂತಿಲ್ಲ. ಯಾಕೆಂಬುದನ್ನು ಹೋಟೆಲು ಕೆಲಸಗಾರ ಬಂಧುಗಳೂ, ಗಿರಣಿಯಲ್ಲಿ ದುಡಿದು ಬೀದಿಗೆ ಬಿದ್ದ ಬಂಧುಗಳೂ, ಅವರ ಮಕ್ಕಳೂ ಸ್ವಲ್ಪ ತಾಳ್ಮೆಯಿಂದ ವಿಚಾರಿಸಬೇಕು.

ಮೊದಲು ಕೆರೆಯ ಹುಟ್ಟನ್ನು ನೋಡೋಣ. ಮುಂಬಯಿಗೆ ನಳದ ನೀರು ಬಂದದ್ದು ಮಿಠಿ ನದಿಗೆ ಒಡ್ಡು ಹಾಕಿ ಕಟ್ಟಿದ ವಿಹಾರ ಕೆರೆಯಿಂದ, 1860ರಲ್ಲಿ. ಗಿರಣಿಗಳು ಎದ್ದವು, ಜನ ತುಂಬಿದರು, ಅದು ಸಾಲದಾಯಿತು. 1879ಕ್ಕೆ ತುಳಸಿ ಕೆರೆ ಬಂತು. ಅದೂ ಸಾಲದಾಯಿತು. ದೂರದ ತಾನ್ಸಾ ಅಣೆಕಟ್ಟಿನ ಕೆಲಸ ನಡೆದಿದ್ದಾಗ, ಅದು ಮುಗಿಯುವ ತನಕ ಬಾಯಾರಿದ ನಗರ ಕಾಯಲಾರದೆಂದು ತರಾತುರಿಯಲ್ಲಿ ಕಟ್ಟಿಸಿದ್ದು ಪವಾಯಿ. 1891ರಲ್ಲಿ ಅದು ಸಿದ್ಧವಾಯಿತು. ಮರುವರ್ಷ, 1892ರಲ್ಲಿ, ತಾನ್ಸಾದ ನೀರೂ ಬಂತು. ಪವಾಯಿಯ ನೀರು ಕುಡಿಯಲು ತಕ್ಕದ್ದಲ್ಲವೆಂದು ಬೇಗನೆ ಅದನ್ನು ಕೈಬಿಟ್ಟರು. ಆಮೇಲೆ ಗಾಳ ಹಾಕುವವರಿಗೂ ದೋಣಿ ವಿಹಾರದವರಿಗೂ ಅದು ವಿನೋದಸ್ಥಾನವಾಯಿತು. ಸ್ವಲ್ಪ ನೀರು ಕಾರ್ಖಾನೆಯಂಥ ಕುಡಿಯಲ್ಲದ ಕೆಲಸಕ್ಕೆ ಹೋಯಿತು. ಆದ್ದರಿಂದ ಒಂದು ಮಾತನ್ನು ಮರೆಯಕೂಡದು. ಈ ಕೆರೆಯನ್ನು ತೋಡಿಸಿದ್ದು ಊರಿನ ಬಾಯಾರಿಕೆ.

ನೀರು ಮೊದಲೇ ಚೆನ್ನಾಗಿರಲಿಲ್ಲವೆಂಬುದು ನಿಜ. ಆದರೆ ಅಂದಿನ ಕೊರತೆಗೂ ಇಂದಿನ ಹೊಲಸಿಗೂ ಹೋಲಿಕೆಯೇ ಇಲ್ಲ. ಸುತ್ತಣ ಗುಡ್ಡಗಳನ್ನು ಕಡಿದರು, ಕಟ್ಟಡಗಳ ಮೇಲೆ ಕಟ್ಟಡ ಕಟ್ಟಿದರು, ಅವುಗಳ ಗಟಾರದ ನೀರು ಕೆರೆಗೇ ಬಂದು ಬಿತ್ತು. ಹೂಳು ಏರಿತು, ಅಂತರಗಂಗೆ ಹಬ್ಬಿ ನೀರಿನ ಮುಖವೇ ಕಾಣದಾಯಿತು. ಕೆರೆಯ ನೋಟವನ್ನು ತೋರಿಸಿ ಮನೆಗಳಿಗೆ ಬೆಲೆ ಏರಿಸಿದವರು ತಮ್ಮ ಮೋರಿಯನ್ನು ಅದೇ ಕೆರೆಗೆ ತಿರುಗಿಸಿದರೆ ಅದಕ್ಕೆ ಏನೆನ್ನಬೇಕು? ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಈಗ ಅದೇ ಹೊಲಸನ್ನು ತೋರಿಸಿ "ಕೆರೆ ಕೆಟ್ಟಿದೆ, ಅಲಂಕಾರಕ್ಕೆ ಕೊಡಿ" ಎನ್ನುತ್ತಾರೆ.

ಕೆರೆ ಕೆಟ್ಟರೆ ಅದರ ಫಲ ದಂಡೆಯಲ್ಲೇ ನಿಲ್ಲುವುದಿಲ್ಲ. ವಿಹಾರ, ಪವಾಯಿಗಳ ಕೋಡಿ ಹರಿದು ಮಿಠಿ ನದಿಯಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲ್ಲಿಮೀಟರ್ ಮಳೆ ಸುರಿದಾಗ, ಹೂಳಿನಿಂದಲೂ ಒತ್ತುವರಿಯಿಂದಲೂ ಕಿರಿದಾದ ಆ ನದಿ ಯಾರ ಮನೆಗೆ ನುಗ್ಗಿತೆಂಬುದನ್ನು ಕುರ್ಲಾದ ಜೋಪಡಿಯವರನ್ನು ಕೇಳಿದರೆ ಹೇಳುತ್ತಾರೆ. ಹದಿನೈದನೆಯ ಮಾಳಿಗೆಯವನಿಗೆ ಕೆರೆ ಒಂದು ನೋಟ. ನದೀದಂಡೆಯ ಖೋಲಿಯವನಿಗೆ ಅದು ಬಾಗಿಲಿಗೆ ಬರುವ ಪ್ರವಾಹ.

ಇದೆಲ್ಲ ತಿಳಿದೂ ಮಹಾನಗರ ಪಾಲಿಕೆ ಕೆರೆಯ ಅಂಚಿನಲ್ಲಿ ಸೈಕಲ್ ದಾರಿ ಕಟ್ಟಲು ಹೊರಟಿತು. 2022ರ ಮೇ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಕೆಲಸವೇ ಕಾನೂನಿಗೆ ವಿರುದ್ಧವೆಂದು ಹೇಳಿ, ಕಟ್ಟಿದ್ದನ್ನು ಕಿತ್ತು ಜಾಗವನ್ನು ಮೊದಲಿನಂತೆ ಮಾಡಬೇಕೆಂದು ಆಜ್ಞಾಪಿಸಿತು. ಕಟ್ಟಲೂ ಕೀಳಲೂ ಹಣ ತೆರುವವರು ಯಾರು? ನಾವೇ. ಗಟಾರವನ್ನು ತಡೆಯುವ ಕೆಲಸಕ್ಕೆ ತೋರದ ಆತುರ ಸೈಕಲ್ಲಿಗೆ ಹೇಗೆ ಬಂತು? ಗಟಾರ ತಡೆದರೆ ಉದ್ಘಾಟನೆಗೆ ಕತ್ತರಿ ಹಿಡಿಯುವ ರಿಬ್ಬನ್ನು ಇರುವುದಿಲ್ಲ, ಅಷ್ಟೇ.

ನಾವು ವಿನೋದದ ವೈರಿಗಳೆಂದು ಯಾರೂ ತಪ್ಪು ತಿಳಿಯಕೂಡದು. ವಾರದ ಒಂದು ರಜೆಗಾಗಿ ಹೋರಾಡಿದವರು ನಾವು. ಒಲೆಯ ಮುಂದೆ ಬೇಯುವವನಿಗೂ, ಎಂಜಲು ತಟ್ಟೆ ತೊಳೆಯುವ ಹುಡುಗನಿಗೂ, ಮಕ್ಕಳನ್ನು ಒಂದು ಖೋಲಿಯಲ್ಲಿ ಬೆಳೆಸುವ ತಾಯಿಗೂ ಒಂದಿಷ್ಟು ಗಾಳಿ, ಒಂದಿಷ್ಟು ಹಸುರು ಬೇಕು. ಅದು ಯಾರದೋ ದಯೆ ಅಲ್ಲ, ಅವರ ಹಕ್ಕು. ಆದರೆ ವಿನೋದಕ್ಕೂ ಒಂದು ಸ್ಥಾನವಿದೆ. ನಮ್ಮ ಕನ್ನಂಬಾಡಿಯನ್ನೇ ನೋಡಿರಿ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಅಲ್ಲಿ ಬೃಂದಾವನ ಎದ್ದಿತು. ಎಲ್ಲಿ ಎದ್ದಿತು? ಕಟ್ಟೆಯ ಕೆಳಗೆ. ನೀರು ನಿಲ್ಲುವ ಕಡೆ ನೀರು, ಜನ ನಲಿಯುವ ಕಡೆ ಜನ. ನೀರಿನ ಎದೆಯ ಮೇಲೆ ಸಿಮೆಂಟು ಸುರಿಯದೆಯೂ ಊರವರು ಸಂತೋಷಪಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪವಾಯಿಯಲ್ಲೂ ಮಣ್ಣಿನ ಕಾಲುದಾರಿ, ಮರದ ನೆರಳು, ಕೂರಲು ಕಲ್ಲುಬೆಂಚು ಇರಲಿ, ಟಿಕೆಟ್ಟು ಇರಬಾರದು.

ಇನ್ನು ನಮ್ಮ ಕೊಡಕ್ಕೆ ಬರೋಣ. ಪವಾಯಿ ಕೆಟ್ಟರೂ ನಮಗೆ ನೀರು ಬರುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ಬರುತ್ತಿದೆ, ಎಲ್ಲಿಂದ? ಇಂದು ಈ ನಗರ ಏಳು ಜಲಾಶಯಗಳಿಂದ ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಎಳೆಯುತ್ತದೆ. ನಗರದೊಳಗಿನ ವಿಹಾರ, ತುಳಸಿಗಳಿಂದ ಬರುವುದು ಅತ್ಯಲ್ಪ. ಸುಮಾರು ಅರ್ಧ ಭಾತ್ಸಾದಿಂದಲೇ ಬರುತ್ತದೆ. ಉಳಿದದ್ದು ತಾನ್ಸಾ, ಮೋಡಕಸಾಗರ ಮತ್ತು ವೈತರಣಾ ಕಣಿವೆಯ ಬೇರೆ ಕಟ್ಟೆಗಳಿಂದ. ಮಧ್ಯ ವೈತರಣಾ ಅಣೆಕಟ್ಟು 2014ರಲ್ಲಿ ಮುಗಿಯಿತು. ಆದರೂ 2024ರ ಜೂನಿನಲ್ಲಿ ಕೆರೆಗಳು ತಳ ಕಂಡು ಶೇಕಡ 10ರಷ್ಟು ನೀರು ಕಡಿತ ಮಾಡಬೇಕಾಯಿತು. ಹತ್ತಿರದ ಕೆರೆಯನ್ನು ಹೊಲಸು ಮಾಡುವುದು, ದೂರದ ಕಣಿವೆಯನ್ನು ಮುಳುಗಿಸುವುದು: ಇದು ನಮ್ಮ ನಗರದ ಜಲನೀತಿ!

ಆ ದೂರದ ಕಣಿವೆಯಲ್ಲೂ ಜನರಿದ್ದಾರೆ. ಭಾತ್ಸಾ, ತಾನ್ಸಾಗಳಿರುವ ಶಹಾಪುರ ತಾಲೂಕಿನಲ್ಲಿ ಬೇಸಗೆ ಬಂದರೆ ಹಳ್ಳಿಗಳೂ ಆದಿವಾಸಿಗಳ ಪಾಡಗಳೂ ಟ್ಯಾಂಕರಿನ ದಾರಿ ಕಾಯುತ್ತವೆ. ಕಟ್ಟೆಗಾಗಿ ನೆಲ ಬಿಟ್ಟವರು ಕೊಡ ಹೊತ್ತು ಮೈಲುಗಟ್ಟಲೆ ನಡೆಯುತ್ತಾರೆ. ಅವರ ಊರಿನ ನೀರು ದೊಡ್ಡ ಕೊಳವೆಯೊಳಗೆ ಹರಿದು ನಮ್ಮ ಕಡೆ ಬರುತ್ತದೆ. ದೀಪದ ಬುಡದಲ್ಲಿ ಕತ್ತಲೆ. ಆ ರೈತನೂ ಆದಿವಾಸಿಯೂ ನಮ್ಮ ಪ್ರತಿಸ್ಪರ್ಧಿಗಳಲ್ಲ. ಊರಲ್ಲಿ ಮಳೆ ಬಾರದೆ, ಗೇಣಿ ಕಟ್ಟಲಾರದೆ ರೈಲು ಹತ್ತಿ ಬಂದವರ ಮಕ್ಕಳು ನಾವು. ಅವರ ನೋವು ನಮಗೆ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು?

ಅಷ್ಟು ದೂರದಿಂದ ಬಂದ ನೀರಾದರೂ ಸಮನಾಗಿ ಹಂಚಿಹೋಗುತ್ತದೆಯೇ? ದಶಕಗಳ ಕಾಲ ಪಾಲಿಕೆ ಹಿಡಿದುಕೊಂಡು ಬಂದ ಲೆಕ್ಕವೆಂದರೆ, ಕಟ್ಟಡದವನಿಗೆ ದಿನಕ್ಕೆ 135 ಲೀಟರ್, ಜೋಪಡಿಯವನಿಗೆ 45 ಲೀಟರ್. ಬೆವರು ಸುರಿಸುವವನಿಗೆ ಮೂರರಲ್ಲಿ ಒಂದು ಪಾಲು! ಅದರಲ್ಲೂ ಇಂಥ ತಾರೀಕಿನ ಈಚೆಗೆ ಬಂದವನಿಗೆ ನಳವೇ ಇಲ್ಲವೆಂಬ ನಿಯಮ ಬಹಳ ಕಾಲ ನಡೆಯಿತು. ದಾಹಕ್ಕೆ ತಾರೀಕು ಹಾಕಿದ ಈ ಅನ್ಯಾಯವನ್ನು 2014ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ತಿದ್ದಿತು. ನೀರಿನ ಹಕ್ಕು ಬದುಕುವ ಹಕ್ಕಿನ ಭಾಗ, ಜೋಪಡಿ ಅನಧಿಕೃತವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ ಎಂದಿತು. ತಾನಾಗಿ ಬಂದ ನ್ಯಾಯವಲ್ಲ ಇದು. ಸಂಘಟಿತರಾಗಿ ಕೇಳಿದವರಿಗೆ ದೊರೆತದ್ದು. ಇತ್ತ ತಾನ್ಸಾ ಕೊಳವೆಯ ಇಕ್ಕೆಲದ ಬಡವರನ್ನು ಎಬ್ಬಿಸಿ 2017ರ ಸುಮಾರಿಗೆ ಮಾಹುಲಿನ ಎಣ್ಣೆ ಕಾರ್ಖಾನೆಗಳ ಹೊಗೆಗೆ ಅಟ್ಟಿದರು. ಕೊಳವೆಯ ಪಕ್ಕದಲ್ಲಿ ಬಡವನಿದ್ದರೆ ಅಪಾಯ, ಕೆರೆಯ ಪಕ್ಕದಲ್ಲಿ ಸಾಹುಕಾರನಿದ್ದರೆ ಅಭಿವೃದ್ಧಿ!

ಗಿರಣಿ ಬಂಧುಗಳಿಗೆ ಈ ಆಟ ಹೊಸದಲ್ಲ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದಂತೆ ಗಿರಣಿಯ ನೆಲದಲ್ಲಿ ಮೂರನೆಯ ಒಂದಂಶ ಊರಿನ ಬಯಲಿಗೆ, ಇನ್ನೊಂದಂಶ ಸಾರ್ವಜನಿಕ ವಸತಿಗೆ ಸಿಗಬೇಕಿತ್ತು. 2001ರಲ್ಲಿ ಆ ನಿಯಮವನ್ನು ತಿದ್ದಿ, ಬರಿದಾಗಿದ್ದ ನೆಲಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಿದರು; 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮಗ್ಗ ಓಡಿದ ಜಾಗದಲ್ಲಿ ಇಂದು ಮಾಲುಗಳಿವೆ, ಪಾನಗೃಹಗಳಿವೆ. "ಹೇಗೂ ಗಿರಣಿ ಸತ್ತಿದೆ" ಎಂದರು ಅಂದು. "ಹೇಗೂ ಕೆರೆ ಸತ್ತಿದೆ" ಎನ್ನುತ್ತಾರೆ ಇಂದು. ಮೊದಲು ಕೊಲ್ಲುವುದು, ಆಮೇಲೆ ತಿಥಿಯೂಟಕ್ಕೆ ತಾವೇ ಕೂರುವುದು!

ಹಾಗಾದರೆ ನಾವು ಕೇಳುವುದೇನು? ಮೊದಲನೆಯದಾಗಿ, ಪವಾಯಿಗೆ ಬೀಳುವ ಪ್ರತಿಯೊಂದು ಗಟಾರವನ್ನೂ ತಡೆಯಬೇಕು. ಅದಾಗುವ ತನಕ ಅಲಂಕಾರಕ್ಕೆ ಒಂದು ಕಾಸೂ ಕೂಡದು. ಎರಡನೆಯದಾಗಿ, ಶುದ್ಧೀಕರಿಸಿದ ಆ ನೀರನ್ನು ಶೌಚಕ್ಕೆ, ತೋಟಕ್ಕೆ, ಕಟ್ಟಡದ ಕೆಲಸಕ್ಕೆ, ನೆಲ ತೊಳೆಯುವುದಕ್ಕೆ ಬಳಸಬೇಕು. ಶಹಾಪುರದ ತಾಯಿಗೆ ಸಿಗದ ಕುಡಿಯುವ ನೀರಿನಿಂದ ಮುಂಬಯಿಯಲ್ಲಿ ಮೋಟಾರು ತೊಳೆಯುವುದು ನಿಲ್ಲಬೇಕು. ಮೂರನೆಯದಾಗಿ, ಕಟ್ಟೆಯ ಸುತ್ತಲ ಹಳ್ಳಿಗಳಿಗೆ ಮೊದಲ ನಳ. ನಾಲ್ಕನೆಯದಾಗಿ, ಜೋಪಡಿಗೂ ಕಟ್ಟಡಕ್ಕೂ ಒಂದೇ ಅಳತೆ.

ಬಂಧುಗಳೇ, ನೀರಿನ ಬೆಲೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರ ಮಕ್ಕಳು ನಾವು. ನೀರು ಕಡಿತವಾದ ದಿನ ಮಾಲಿಕನ ಟ್ಯಾಂಕರು ಅಡಿಗೆಮನೆಗೆ ಬರುತ್ತದೆ, ಕೆಲಸಗಾರನ ಸ್ನಾನಕ್ಕೆ ಬರುವುದಿಲ್ಲ; ಇದನ್ನು ಮೈಮೇಲೆ ಅನುಭವಿಸಿದ್ದೇವೆ. ಆದ್ದರಿಂದ ವಾರ್ಡಿನ ಸಭೆ ನಡೆದಲ್ಲಿ ಹೋಗಿ ಈ ನಾಲ್ಕು ಮಾತುಗಳನ್ನು ಕೇಳಬೇಕು. ಚುನಾವಣೆಗೆ ಕೈಮುಗಿದು ಚಾಳಿಗೆ ಬರುವವರನ್ನು ನಳದ ಬಳಿಗೇ ಕರೆದೊಯ್ದು ಕೇಳಬೇಕು. ಮರಾಠಿ ಬಂಧುಗಳೊಡನೆ, ಉತ್ತರದಿಂದ ಬಂದ ಬಂಧುಗಳೊಡನೆ ಒಟ್ಟಾಗಿ ಕೇಳಬೇಕು. ಬರಿಗೊಡಕ್ಕೆ ಭಾಷೆಯ ಭೇದವಿಲ್ಲ. ಉತ್ತರ ಸಿಗುವ ತನಕ ಕೇಳುವುದನ್ನು ನಿಲ್ಲಿಸಬಾರದು.